ಕಿಟಕಿ ಪಕ್ಕದ ಮೇಜು

ಅಂಗಡಿಗೆ ಬರುವವರೆಲ್ಲ ಅವನನ್ನು ನಾಳೆಯಣ್ಣ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಗಡಿಯಾರ ರಿಪೇರಿಗೆ ಕೊಟ್ಟವರು ಯಾವಾಗ ಬಂದು ಕೇಳಿದರೂ ಅವನ ಬಾಯಲ್ಲಿ ಒಂದೇ ಮಾತು, ನಾಳೆ. ತನ್ನ ಮದುವೆಗೆ ಕಟ್ಟಿಕೊಳ್ಳಬೇಕೆಂದು ವಾಚು ಕೊಟ್ಟ ಒಬ್ಬಾತ ಮಗಳ ಕೈ ಹಿಡಿದುಕೊಂಡು ಬಂದು ಅದನ್ನು ಒಯ್ದದ್ದುಂಟು.

ಹಾಗೆಂದು ಅವನು ಮೈಗಳ್ಳನಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾಗಿಲು ತೆಗೆಯುವವನು ಅವನೇ. ಸ್ಕ್ರೂಡ್ರೈವರುಗಳನ್ನು ಉದ್ದದ ಪ್ರಕಾರ ಜೋಡಿಸಿ, ಭೂತಗನ್ನಡಿ ಒರೆಸಿ, ಡ್ರಾಯರಿನ ಧೂಳು ಕೊಡವಿ, ಮತ್ತೊಮ್ಮೆ ಭೂತಗನ್ನಡಿ ಒರೆಸಿ ಮಧ್ಯಾಹ್ನ ಮಾಡುತ್ತಿದ್ದ. ಅಷ್ಟರಲ್ಲಿ ಎದುರಿನ ಮೇಜಿನಲ್ಲಿ ಅವನ ತಮ್ಮ ಶಿಳ್ಳೆ ಹಾಕುತ್ತ ನಾಲ್ಕು ವಾಚು ಮುಗಿಸಿರುತ್ತಿದ್ದ. ಆ ಶಿಳ್ಳೆ ಕೇಳಿದರೆ ನಾಳೆಯಣ್ಣನಿಗೆ ಹೊಟ್ಟೆ ಉರಿಯುತ್ತಿತ್ತು. ಕೆಲಸ ಮಾಡಲಿ ಪಾಪ, ಖುಷಿಯಾಗಿ ಬೇರೆ ಮಾಡಬೇಕೆ?

ಈ ರೋಗ ಹುಟ್ಟಿನಿಂದ ಬಂದದ್ದಲ್ಲ. ಕೆಲಸ ಕಲಿಯುವ ಕಾಲದಲ್ಲಿ ಇಬ್ಬರೂ ಒಂದೊಂದು ಗಡಿಯಾರ ಸರಿಮಾಡಿ ಅಪ್ಪನ ಕೈಗೆ ಕೊಟ್ಟಿದ್ದರು. ಅಪ್ಪ ದೊಡ್ಡವನದನ್ನು ಕಿವಿಗಿಟ್ಟು ಪರವಾಗಿಲ್ಲ ಎಂದರು. ಚಿಕ್ಕವನದನ್ನು ಕಿವಿಗಿಟ್ಟು ಏನೂ ಹೇಳಲಿಲ್ಲ, ಕಣ್ಣು ಮುಚ್ಚಿ ಕೇಳುತ್ತಲೇ ಕೂತರು. ಅಂದಿನಿಂದ ದೊಡ್ಡವನಿಗೆ ಯಾವ ಕೆಲಸವನ್ನೂ ಮುಗಿಸಲು ಮನಸ್ಸೇ ಬಾರದು. ಮುಗಿಸಿದರೆ ತಾನೆ ಯಾರಾದರೂ ಪರವಾಗಿಲ್ಲ ಎನ್ನುವುದು? ಡ್ರಾಯರಿನಲ್ಲಿ ಬಿದ್ದಿರುವ ಗಡಿಯಾರವನ್ನು ತಮ್ಮನದರ ಪಕ್ಕ ಇಟ್ಟು ತೂಗಿ ನೋಡುವವರಿಲ್ಲ.

ಈಗ ಅಪ್ಪನ ಕಣ್ಣು ಮಂಜಾಗಿತ್ತು. ಅಂಗಡಿಗೆ ಇದ್ದದ್ದು ಒಂದೇ ಕಿಟಕಿ, ಅದರ ಪಕ್ಕ ಅಪ್ಪನ ಮೇಜು. ಹಗಲಿನ ಬೆಳಕೆಲ್ಲ ಅದರ ಮೇಲೆಯೇ. ಅಲ್ಲಿ ಕೂತವನೇ ಅಂಗಡಿಯ ಯಜಮಾನ ಎಂದು ಹೊರಗಿನವರಿಗೂ ಗೊತ್ತು. ಒಂದು ಸೋಮವಾರ ಅವರು ಮನೆಯಲ್ಲಿ ನಿಂತುಹೋಗಿದ್ದ ಹಳೆಯ ಅಲಾರಂ ಗಡಿಯಾರವನ್ನು ತಂದು ದೊಡ್ಡವನ ಮುಂದಿಟ್ಟರು.

"ಶನಿವಾರ ಇದು ನಡೀತಿರ್ಬೇಕು. ನಡೆದ್ರೆ ಮೇಜು ನಿಂದು. ಇಲ್ಲಾಂದ್ರೆ ಚಿಕ್ಕವನು ಕೂತ್ಕೋತಾನೆ."

ಆ ಮೇಜಿಗಾಗಿ ನಾಳೆಯಣ್ಣ ಎಷ್ಟು ವರ್ಷದಿಂದ ಜೀವ ಬಿಡುತ್ತಿದ್ದನೋ ಅವನಿಗೇ ಗೊತ್ತು. ಸೋಮವಾರ ಮುಚ್ಚಳ ಬಿಚ್ಚಿದ. ಮಂಗಳವಾರ ಸ್ಪ್ರಿಂಗು ಸಡಿಲವಾಗಿದೆ ಎಂದು ಕಂಡುಹಿಡಿದ. ಬುಧವಾರ, ಗುರುವಾರ ಅದನ್ನೇ ಯೋಚಿಸಿದ. ಶುಕ್ರವಾರ ಇಂಥ ಗಡಿಯಾರಕ್ಕೆ ಅಂಗಡಿಯ ಎಣ್ಣೆ ಸಾಲದು, ಬೇರೆ ಎಣ್ಣೆಯೇ ಬೇಕು ಎಂದು ಮಾರುಕಟ್ಟೆಗೆ ಹೋದವನು, ಎಣ್ಣೆಯವನ ಜೊತೆ ಹರಟಿ, ಅಂಗಡಿ ಮುಚ್ಚುವ ಹೊತ್ತಾಯಿತೆಂದು ನೇರ ಮನೆಗೆ ನಡೆದ.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಒಳಗಿನ ಟಿಕ್ ಟಿಕ್ ಸದ್ದುಗಳಲ್ಲಿ ಒಂದು ಹೆಚ್ಚಾಗಿತ್ತು. ಅವನ ಮೇಜಿನ ಮೇಲೆ ಅಪ್ಪನ ಗಡಿಯಾರ ನಡೆಯುತ್ತಿತ್ತು. ಚಿಕ್ಕವನೇ. ಇನ್ಯಾರು? ಮೇಜು ಹೊಡೆದುಕೊಳ್ಳಲು ಅವನಿಗೆ ಒಂದು ಮಧ್ಯಾಹ್ನ ಸಾಕಾಯಿತು.

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಗಡಿಯಾರ ಸರಿಮಾಡಿದವನು ಹಿಂದಿನ ಮುಚ್ಚಳದ ಒಳಗೆ ಸೂಜಿಯಿಂದ ತನ್ನ ಗುರುತು ಗೀಚಬೇಕು. ಅಪ್ಪನದು ಸೊನ್ನೆ, ದೊಡ್ಡವನದು ಒಂದು ಗೆರೆ, ಚಿಕ್ಕವನದು ಎರಡು. ನಾಳೆಯಣ್ಣ ಹಲ್ಲು ಕಚ್ಚಿಕೊಂಡು ಮುಚ್ಚಳ ಬಿಚ್ಚಿದ. ಅಪ್ಪನ ಏಳೆಂಟು ಸೊನ್ನೆಗಳಿದ್ದವು. ಅವುಗಳ ಕೆಳಗೆ ಬೋಳು ಜಾಗ.

ಅಷ್ಟರಲ್ಲಿ ತಮ್ಮ ಒಳಗೆ ಬಂದ. ಇದೇನಿದು ಎಂದು ಅಣ್ಣ ಕೇಳಿದ್ದಕ್ಕೆ ತಲೆ ಕೆರೆದುಕೊಂಡ.

"ಇವತ್ತು ಕೊಡ್ಬೇಕಿತ್ತಲ್ಲ ಅಣ್ಣ. ನಿನ್ನ ಗುರುತೇ ಹಾಕು. ನಾನೇನೂ ಹೇಳಲ್ಲ."

ಕದ್ದಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು. ಕೊಟ್ಟುಬಿಟ್ಟಿದ್ದ ಪಾಪಿ. ಕೈಚಳಕದಲ್ಲಿ ಸೋತದ್ದಾಯಿತು, ಒಳ್ಳೆಯತನದಲ್ಲೂ ಸೋಲಿಸಬೇಕೆ ಇವನು?

ಹೊರಗೆ ಅಪ್ಪನ ಕೋಲಿನ ಸದ್ದು ಕೇಳಿಸಿತು. ನಾಳೆಯಣ್ಣ ಸೂಜಿ ತೆಗೆದುಕೊಂಡು ಬೋಳು ಜಾಗದಲ್ಲಿ ಒಂದು ಗೆರೆ ಗೀಚಿದ. ಅಲ್ಲಿಗೆ ನಿಲ್ಲಿಸಿದ್ದರೆ ಕಿಟಕಿ, ಬೆಳಕು, ಯಜಮಾನಿಕೆ ಎಲ್ಲ ಅವನದೇ. ಆದರೆ ದಿನಾ ಆ ಮೇಜಿನಲ್ಲಿ ಕೂತು, ಎದುರಿನ ಶಿಳ್ಳೆ ಕೇಳುತ್ತ, ಇದು ಇವನು ಹಾಕಿದ ಭಿಕ್ಷೆ ಎಂದು ನೆನೆಯಬೇಕು. ಬೇರೆ ಯಾರದಾದರೂ ಸರಿ, ಇವನ ಭಿಕ್ಷೆ ಅವನಿಗೆ ಬೇಡವಾಗಿತ್ತು. ಹೊಟ್ಟೆಕಿಚ್ಚಿನಿಂದಲೇ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದ.

ಅಪ್ಪ ಬಂದು ಕೂತು ಕೈ ಚಾಚಿದರು. ಕಣ್ಣಿಗೆ ಕಾಣದ ಗೆರೆಗಳನ್ನು ಹೆಬ್ಬೆರಳ ಉಗುರಿನಿಂದ ತಡವಿ ನೋಡಿದರು. ಯಾವ ಮಗ ಹೇಗೆ ಗೀಚುತ್ತಾನೆಂದು ಆ ಉಗುರಿಗೆ ಗೊತ್ತಿತ್ತು.

"ಗುರುತು ಅವನದು. ಗೀಚಿದ್ದು ನೀನು."

ನಾಳೆಯಣ್ಣ ಹೂಂ ಎಂದ. ಅಪ್ಪ ಪರವಾಗಿಲ್ಲ ಎನ್ನಲಿಲ್ಲ. ಮುಚ್ಚಳದ ಮೇಲೆ ಉಗುರಿಟ್ಟುಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು.

ಆಮೇಲೆ ತಮ್ಮ, ಮೇಜು ಬದಲಿಸಲು ಅವಸರವೇನು, ನಾಳೆ ನೋಡೋಣ ಎಂದ. ನಾಳೆಯಣ್ಣ ಅಷ್ಟರಲ್ಲೇ ತಮ್ಮನ ಮೇಜಿನ ದೀಪ ಎತ್ತಿಕೊಂಡು ಕಿಟಕಿಯ ಕಡೆ ಹೊರಟಿದ್ದ.

"ಇವತ್ತೇ ಆಗ್ಲಿ," ಎಂದ. "ನಾಳೆ ಆದ್ರೆ ನಾನು ಬಿಟ್ಕೊಡಲ್ಲ ಕಣೋ."