ಬೆಂಕಿಕಡ್ಡಿಯಷ್ಟು ಒಳಕ್ಕೆ

ಮೊನ್ನೆ ಹಳೆಯ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ಹುರಿಯುಂಡೆ ಸಿಕ್ಕಿತು. ಬಲೆ ಹೆಣೆಯುವ ನೈಲಾನ್ ಹುರಿ. ಮೂಗಿಗೆ ಹಿಡಿದರೆ ಇನ್ನೂ ಬೂತಾಯಿ ಮೀನಿನ ಎಣ್ಣೆಯ ವಾಸನೆ... ನಲವತ್ತು ವರ್ಷದ ಮೇಲೆ ವಾಸನೆ ಹುರಿಯಲ್ಲಿ ಉಳಿದಿತ್ತೋ, ನನ್ನ ಮೂಗಿನಲ್ಲಿ ಉಳಿದಿತ್ತೋ, ದೇವರೇ ಬಲ್ಲ. ಟ್ರಂಕಿನ ಮುಂದೆ ನೆಲದ ಮೇಲೇ ಕುಳಿತುಬಿಟ್ಟೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು, ಹೋಗಲಿ.

ಆಗ ಅಮ್ಮ ಮತ್ತು ನಾನು ಕಾಪುವಿನಲ್ಲಿದ್ದೆವು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಶಾಲೆಯಲ್ಲಿ ಟೀಚರು. ಅಪ್ಪ ಬಿಟ್ಟುಹೋದ ಹಳೆಯ ಫಿಯೆಟ್ಟನ್ನು ನಾನೇ ಓಡಿಸುತ್ತಿದ್ದೆ. ಸೀರೆಯುಟ್ಟ ಹೆಂಗಸು ಕಾರು ಬಿಡುವುದನ್ನು ನೋಡಲು ಬಸ್ಸಿಗೆ ಕಾದವರೆಲ್ಲ ಕತ್ತು ತಿರುಗಿಸುತ್ತಿದ್ದರು. ನಾನು ಜೋರಾಗಿ ಹಾರ್ನ್ ಹೊಡೆದು ಆ ಕತ್ತುಗಳನ್ನು ಮತ್ತೆ ನೇರ ಮಾಡುತ್ತಿದ್ದೆ. ನನಗೆ ಆಗಲೂ ಕೋಪ ಮೂಗಿನ ತುದಿಯಲ್ಲೇ.

ಅಮ್ಮನಿಗೆ ಬೆನ್ನುಮೂಳೆಯ ಕಾಯಿಲೆ, ವಾಸಿಯಾಗುವಂಥದ್ದಲ್ಲ. ವಾರಕ್ಕೊಮ್ಮೆ ಮಣಿಪಾಲದ ಆಸ್ಪತ್ರೆಗೆ ಹೋಗಲೇಬೇಕು. ಬಸ್ಸಿನಲ್ಲಿ ಕೂರುವ ಹಾಗಿಲ್ಲ. ಒಂದು ದಿನ ಕಟಪಾಡಿಯ ಹತ್ತಿರ ಬಸ್ಸಿಗೆ ದಾರಿ ಬಿಡಲು ಹೋಗಿ ಮೋರಿಯ ಕಲ್ಲಿಗೆ ಮುಂದಿನ ಚಕ್ರ ಗುದ್ದಿಸಿದೆ. ಆಮೇಲೆ ಕಾರು ನೇರ ಹೋಗಲು ಒಲ್ಲದು. ಕುಡಿದವನ ಹಾಗೆ ಆಚೆ ಈಚೆ ಹೊಯ್ದಾಡುವುದು, ನಾನು ಸ್ಟಿಯರಿಂಗ್ ಎಳೆದು ಸರಿಮಾಡುವುದು, ಪ್ರತಿ ಎಳೆತಕ್ಕೂ ಅಮ್ಮ ಸೆರಗು ಕಚ್ಚುವುದು. ಅಮ್ಮ ಅಯ್ಯೋ ಎನ್ನುವವಳಲ್ಲ, ಅದೇ ನನಗೆ ಹೆಚ್ಚು ಸಂಕಟ. ಗ್ಯಾರೇಜಿನವರು ಕಾರನ್ನು ಹತ್ತು ದಿನ ಬಿಟ್ಟು ಹೋಗಿ ಎಂದರು. ಹತ್ತು ದಿನ ಚಿಕಿತ್ಸೆ ನಿಲ್ಲಿಸುವುದು ಹೇಗೆ?

ನಮ್ಮ ಬೇಲಿಯ ಆಚೆ ದೋಣಿ ಕಟ್ಟುವ ಆಚಾರ್ರ ಚಪ್ಪರವಿತ್ತು. ಕಿವಿಯ ಮೇಲೆ ಪೆನ್ಸಿಲು, ಕೈಯೆಲ್ಲ ಮರಕ್ಕೆ ಸವರುವ ಮೀನೆಣ್ಣೆ. ಒಂದು ಸಂಜೆ ಬೇಲಿಯ ಹತ್ತಿರ ಬಂದು ನಿಂತರು.

"ಟೀಚರ್, ನಿಮ್ಮ ಗಾಡಿಯ ಎರಡು ಚಕ್ರ ಜಗಳ ಮಾಡಿದ ಅತ್ತೆ ಸೊಸೆ ಹಾಗೆ ಮುಖ ತಿರುಗಿಸಿ ನಿಂತಿದ್ದಾವೆ. ನಾನು ನೋಡ್ಲಾ?"

"ಕಾರಿನ ಕೆಲಸ ಗೊತ್ತುಂಟಾ ಆಚಾರ್ರೇ?"

"ಗೊತ್ತಿಲ್ಲ. ಆದ್ರೆ ನೇರ ಅಂದ್ರೆ ಎಂತ ಅಂತ ಗೊತ್ತುಂಟು."

ಅಂಗಳದಲ್ಲಿ ನೀರು ತುಂಬಿದ ಕೊಳವೆ ಹಿಡಿದು ಮೊದಲು ನೆಲದ ಮಟ್ಟ ನೋಡಿದರು. ಕಾರಿನ ಎರಡೂ ಪಕ್ಕಕ್ಕೆ, ಗೂಟದಿಂದ ಗೂಟಕ್ಕೆ, ಚಕ್ರದ ನಡುಮಟ್ಟದಲ್ಲಿ ಬಲೆಯ ಹುರಿ ಬಿಗಿದರು. ಹುರಿಯಿಂದ ಚಕ್ರದ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಎಂದು ಅಳೆದು, ಕಾರಿನಡಿ ನುಸುಳಿ ಎರಡು ಚಕ್ರಗಳನ್ನು ಜೋಡಿಸುವ ಸರಳನ್ನು ಚೂರು ಚೂರೇ ತಿರುಗಿಸಿದರು. ಚಕ್ರಗಳು ಮುಂದುಗಡೆ ಸ್ವಲ್ಪ ಒಳಕ್ಕೆ ಕೂಡಿರಬೇಕು ಎಂದು ಒಬ್ಬ ಲಾರಿ ಡ್ರೈವರಿಂದ ಕೇಳಿ ತಿಳಿದುಕೊಂಡಿದ್ದರು. ಸ್ವಲ್ಪ ಅಂದರೆ ಎಷ್ಟು? ಜೀವಮಾನವಿಡೀ ದೋಣಿಯ ಮೂತಿ ಕೂಡಿಸಿದ ಕೈ. ಚಕ್ರಗಳನ್ನೂ ಹಾಗೆಯೇ ಕೂಡಿಸಿತು! ನಾನೊಬ್ಬಳೇ ಉದ್ಯಾವರದವರೆಗೆ ಓಡಿಸಿ ನೋಡಿದೆ. ದಾರಿಯುದ್ದಕ್ಕೂ ಟಯರಿನ ಕಿರುಚಾಟ. ವಾಪಸು ಬಂದು ನೋಡಿದರೆ ಹೊರ ಅಂಚು ತೆಂಗಿನಕಾಯಿ ತುರಿದ ಹಾಗೆ ತರಿತರಿ. ಆಚಾರ್ರ ಮುಖ ಬಾಡಿಹೋಯಿತು. ಜಗಲಿಯ ಆರಾಮಕುರ್ಚಿಯಲ್ಲಿದ್ದ ಅಮ್ಮ ಎಷ್ಟೋ ತಿಂಗಳ ನಂತರ ನಕ್ಕಳು.

"ಆಚಾರ್ರೇ, ನೀರಿಗೆ ಇಳಿಸ್ಬೇಕಾದ್ದನ್ನು ರಸ್ತೆಗೆ ಇಳಿಸಿದ್ರಲ್ಲ ಮಾರಾಯ್ರೆ!"

ಎರಡನೆಯ ಸಲ ಅವರ ಲೆಕ್ಕ ಒಂದು ಬೆಂಕಿಕಡ್ಡಿಯ ದಪ್ಪ, ಅಷ್ಟೇ. ಅದಕ್ಕಿಂತ ಕೂದಲೆಳೆ ಹೆಚ್ಚಾದರೂ ಒಪ್ಪುತ್ತಿರಲಿಲ್ಲ. "ಖಾಲಿ ದೋಣಿಯ ಅಳತೆ ಅಳತೆಯಲ್ಲ ಟೀಚರ್, ಜನ ಕೂತ ಮೇಲೆ ಅದು ಬೇರೆಯೇ" ಎಂದು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಅಮ್ಮ ಅಷ್ಟು ಹೊತ್ತು ಕೂರುವಂತಿರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದ ಅಮ್ಮನ ತೂಕ ಕೇಳಿ, ಅಷ್ಟೇ ತೂಕದ ಮರಳನ್ನು ಗೋಣಿಯಲ್ಲಿ ಕಟ್ಟಿ ಅವಳ ಜಾಗದಲ್ಲಿಟ್ಟರು.

"ನನಗಿಂತ ಮೂಟೆಯೇ ಒಳ್ಳೇದು, ಎದುರು ಮಾತಾಡುದಿಲ್ಲ" ಎಂದಳು ಅಮ್ಮ.

ಮರುವಾರ ಕಾರು ಮಣಿಪಾಲದವರೆಗೂ ನೇರ ಹೋಯಿತು. ಅಮ್ಮ ಸೆರಗು ಕಚ್ಚಲಿಲ್ಲ. ದಾರಿಯಲ್ಲಿ ನಿದ್ದೆಯನ್ನೂ ಮಾಡಿದಳು. ಆ ದಿನ ನನಗಾದ ಸಂತೋಷವನ್ನು ಹೇಗೆ ಹೇಳಲಿ!

ಹಳೆಯ ಕಾರು, ಹೊಂಡದ ರಸ್ತೆ. ತಿಂಗಳಿಗೊಮ್ಮೆ ಅಳತೆ ತಪ್ಪುತ್ತಿತ್ತು. ತಿಂಗಳಿಗೊಮ್ಮೆ ಆಚಾರ್ರು ಹುರಿಯುಂಡೆ ಹಿಡಿದು ಬರುತ್ತಿದ್ದರು. ಆ ಸಂಜೆಗಳು ಈಗಲೂ ಕನಸಿನಲ್ಲಿ ಬರುತ್ತವೆ... ನಿಂತ ಕಾರಿನಲ್ಲಿ ನಾನು, ಪಕ್ಕದಲ್ಲಿ ಮೂಟೆ. ಕಡಲ ಗಾಳಿಗೆ ಬಿಗಿದ ಹುರಿ ಗುಂಯ್ ಎನ್ನುತ್ತಿತ್ತು. ಕೆಳಗಿನಿಂದ ಆಚಾರ್ರು ಸರಳು ತಿರುಗಿಸಿದಾಗ ಕಾರು ಸಣ್ಣಗೆ ತೂಗುತ್ತಿತ್ತು. ಕಣ್ಣು ಮುಚ್ಚಿದರೆ ನಾವೆಲ್ಲ ನೀರಿನ ಮೇಲಿದ್ದೇವೆ, ಅಮ್ಮನಿಗೆ ಎಲ್ಲೂ ನೋವಿಲ್ಲ ಎನಿಸುತ್ತಿತ್ತು.

ಆದರೆ ಪ್ರತಿ ಸಲವೂ ಅವರು ಹೊಸ ಚೀಟಿ ಕೇಳುತ್ತಿದ್ದರು. ಪ್ರತಿ ಸಲವೂ ತೂಕ ಇಳಿದಿರುತ್ತಿತ್ತು. ಗೋಣಿಯ ಬಾಯಿ ಬಿಚ್ಚಿ, ತೆಂಗಿನ ಗೆರಟೆಯಲ್ಲಿ ಮರಳು ತೋಡಿ ಹೊರಗೆ ಚೆಲ್ಲುತ್ತಿದ್ದರು. ಒಂದು ಗೆರಟೆ, ಎರಡು ಗೆರಟೆ... ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಒಮ್ಮೆ ತಡೆಯಲಾಗಲಿಲ್ಲ. ಚೀಟಿಯನ್ನು ಮುಷ್ಟಿಯಲ್ಲಿ ಮುದುರಿಕೊಂಡು ಸುಳ್ಳು ಹೇಳಿದೆ.

"ಕಳೆದ ಸಲದಷ್ಟೇ ಉಂಟು ಆಚಾರ್ರೇ."

ಅವರು ಜಗಲಿಯ ಕಡೆ ನೋಡಿದರು. ಆರಾಮಕುರ್ಚಿಯಲ್ಲಿ ಅಮ್ಮ ಇದ್ದಾಳೋ, ಬರೀ ಹೊದಿಕೆ ಇದೆಯೋ ಎನ್ನುವಂತಿತ್ತು. ಮತ್ತೆ ನನ್ನ ಮುಷ್ಟಿ ನೋಡಿದರು. ಗೆರಟೆಯನ್ನು ಕೆಳಗಿಟ್ಟರು.

"ಆಗ್ಲಿ ಟೀಚರ್. ಹಾಗೇ ಇರ್ಲಿ."

ಕೂದಲೆಳೆ ತಪ್ಪನ್ನೂ ಒಪ್ಪದ ಮನುಷ್ಯ ಅಂದು ಸುಳ್ಳು ತೂಕಕ್ಕೆ ಅಳತೆ ಮಾಡಿಕೊಟ್ಟರು.

ಮುಂದಿನ ತಿಂಗಳು ಅಮ್ಮ ಹೋದಳು. ಕ್ರಿಯೆಗಳೆಲ್ಲ ಮುಗಿದು ಕೆಲವು ದಿನಗಳಾದ ಮೇಲೆ ಆಚಾರ್ರು ಹುರಿಯುಂಡೆ ಹಿಡಿದು ಬಂದರು. ಎಡಗಡೆಯ ಬಾಗಿಲು ತೆರೆದು, ಅಮ್ಮ ಹೋದ ಮೇಲೆ ನಾನೇ ಅವಳ ಸೀಟಿನಲ್ಲಿ ತಂದಿಟ್ಟಿದ್ದ ಮೂಟೆಗೆ ಕೈ ಹಾಕಿದರು.

"ಎಂತ ಮಾಡ್ತಾ ಇದ್ದೀರಿ?"

"ಇನ್ನು ನಿಮ್ಮೊಬ್ಬರದ್ದೇ ಭಾರ ಅಲ್ವಾ ಟೀಚರ್. ಈ ಸೀಟು ಖಾಲಿ ಇಟ್ಟು ಅಳೀಬೇಕು. ಇಲ್ಲದಿದ್ರೆ ಗಾಡಿ ನಿಮ್ಮನ್ನು ಸರಿ ಕೊಂಡುಹೋಗುದಿಲ್ಲ."

ನನಗೆ ಎಲ್ಲಿತ್ತೋ ಆ ಸಿಟ್ಟು. "ಮುಟ್ಟಬೇಡಿ ಅದನ್ನು! ನಿಮಗೆ ದೋಣಿ ಗೊತ್ತುಂಟು, ಮನುಷ್ಯರು ಗೊತ್ತಿಲ್ಲ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಮೂಟೆಯಿಂದ ಕೈ ತೆಗೆದರು. ಹುರಿಯುಂಡೆಯನ್ನು ಬಾನೆಟ್ಟಿನ ಮೇಲಿಟ್ಟು ಹೊರಟುಹೋದರು.

ಆ ವರ್ಷವೇ ಒಳನಾಡಿನ ಕುಕ್ಕುಂದೂರಿಗೆ ವರ್ಗ ಕೇಳಿ ಪಡೆದೆ. ಮೂಟೆಯೂ ನನ್ನ ಪಕ್ಕದ ಸೀಟಿನಲ್ಲೇ ಬಂತು. ಗೋಣಿ ಲಡ್ಡಾಗಿ ಹರಿದು ಮರಳು ಸೋರಿ ಮುಗಿಯುವವರೆಗೂ ಅಲ್ಲೇ ಇತ್ತು. ಕ್ಷಮಿಸಿ ಅನ್ನಬೇಕೆಂದು ನೂರು ಸಲ ಅಂದುಕೊಂಡೆ. ಕಾಪುವೇನು ಕಾಶಿಯೇ? ಆದರೂ ಹೋಗಲಿಲ್ಲ. ಕೊನೆಗೆ ಹೋದಾಗ ಚಪ್ಪರ ಇರಲಿಲ್ಲ, ಆಚಾರ್ರು ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು...

ನಿನ್ನೆ ಈಗಿನ ಕಾರನ್ನು ಉಡುಪಿಯ ಟಯರ್ ಅಂಗಡಿಗೆ ಒಯ್ದಿದ್ದೆ. ಹುರಿಯಿಲ್ಲ, ಗೂಟವಿಲ್ಲ, ಎಲ್ಲವೂ ಕಂಪ್ಯೂಟರು. ಪರದೆಯ ಮುಂದೆ ಕುಳಿತಿದ್ದಾತ ಕೇಳಿದ:

"ಮೇಡಂ, ಗಾಡಿಯಲ್ಲಿ ಭಾರ ಎಂತಾದ್ರೂ ಉಂಟಾ?"

ಎಡಗಡೆಯ ಸೀಟು ನೋಡಿದೆ. ಅದರ ಮೇಲೆ ನಾನೇ ತಂದಿಟ್ಟಿದ್ದ ಹುರಿಯುಂಡೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡೆ.

"ಇಲ್ಲ" ಎಂದೆ. "ಆ ಸೀಟು ಖಾಲಿ ಉಂಟು. ಅಳತೆ ಮಾಡಿ."

ಈ ಮಾತನ್ನು ನಾನು ಆಚಾರ್ರಿಗೆ ಹೇಳಬೇಕಿತ್ತು.