ಮೌನವ್ರತವೂ ಕಣ್ಣಿನ ಬಿಳಿ ಗೆರೆಯೂ

ನಿನ್ನೆ ನನ್ನ ನಾಲಿಗೆಯ ತುದಿಯಲ್ಲಿ ಒಂದು ಹುಣ್ಣೆದ್ದಿತು. ಕೊಬ್ಬರಿ ಚೂರಿನ ಜೊತೆ ಗಸಗಸೆ ಜಗಿಯುತ್ತ ಕೂತಾಗ, ಭದ್ರಾವತಿಯ ಕಾಗದನಗರದಲ್ಲಿರುವ ನನ್ನ ಸೋದರತ್ತೆಯೂ ಅವಳ ಮೌನವ್ರತವೂ ನೆನಪಾದವು.

ಅತ್ತೆ ಮಾತಾಡುವುದನ್ನು ನೀವು ಕೇಳಬೇಕು. ಹಾಲಿನವನಿಂದ ಹಿಡಿದು ಪಕ್ಕದ ಮನೆಯ ತಮಿಳು ಅಕ್ಕನವರೆಗೆ ಅವಳ ಮಾತಿಗೆ ಸಿಕ್ಕದವರಿಲ್ಲ. ಅಂಥವಳು ಆಗಾಗ ಇದ್ದಕ್ಕಿದ್ದಂತೆ ವಾರಗಟ್ಟಲೆ ಮೌನವ್ರತ ಹಿಡಿಯುತ್ತಿದ್ದಳು. ಯಾವ ದೇವರಿಗೆಂದು ಅವಳ ಮನೆಯಲ್ಲಿ ಬೆಳೆಯುತ್ತಿದ್ದ ನಾವು ಮಕ್ಕಳು ಕೇಳುತ್ತಿರಲಿಲ್ಲ. ಕೇಳಿದ್ದಕ್ಕೇ ವ್ರತ ಮುರಿದುಬಿಟ್ಟರೆ? ನಮ್ಮ ಪಾಲಿಗೆ ಅದು ಹಬ್ಬ. ಊಟ ಮಾತ್ರ ಸಪ್ಪೆ. ಆ ದಿನಗಳಲ್ಲಿ ಅಡುಗೆಗೆ ನಿಲ್ಲುತ್ತಿದ್ದವರು ಅವಳ ಗಂಡ, ನಮ್ಮ ಮಾವ. ಮೊಸರನ್ನ, ಮೆಣಸಿನಕಾಯಿಯ ಮುಖ ಕಾಣದ ಬೇಳೆಕಟ್ಟು. ಖಾರದ ಡಬ್ಬಿ ಎಲ್ಲಿದೆಯೆಂಬುದು ಈ ಮನುಷ್ಯನಿಗೆ ಮದುವೆಯಾದಂದಿನಿಂದ ಗೊತ್ತಾಗಿಲ್ಲವೆಂದು ನಾವು ಗೇಲಿ ಮಾಡುತ್ತಿದ್ದೆವು. ಮಾವ ನಕ್ಕು ಇನ್ನೊಂದು ಸೌಟು ಬಡಿಸುತ್ತಿದ್ದರು.

ಒಮ್ಮೆ ಅತ್ತೆಯ ಕಣ್ಣು ಕೆಂಪಾಯಿತು. ಉಷ್ಣವೆಂದು ಅವಳೇ ತೀರ್ಪು ಕೊಟ್ಟು ನೆತ್ತಿಗೆ ಹರಳೆಣ್ಣೆ ಒತ್ತಿಕೊಂಡಳು. ಮದ್ರಾಸ್ ಐ ಎಂದು ತೀರ್ಮಾನಿಸಿದ ನೆರೆಯವರು ಅವಳನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋದರು. ಎಡಗಣ್ಣಿಗೆ ಅಕ್ಕಿಯೊಳಗಿನ ಕಲ್ಲು ಕಾಣದಂತಾದ ಮೇಲೆ ಗಾಬರಿಯಾಗಿ, ಮಾವನ ಮತ್ತು ನನ್ನ ಜೊತೆ ಶಿವಮೊಗ್ಗದ ಬಸ್ಸು ಹತ್ತಿದಳು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟಾರ್ಚ್ ಬಿಟ್ಟಾಗ ನನಗೂ ಕಂಡಿತು: ಕರಿಗುಡ್ಡೆಯ ಅಡಿಯಲ್ಲಿ, ಲೋಟದ ತಳದಲ್ಲಿ ಗಂಜಿ ನಿಂತ ಹಾಗೆ, ಒಂದು ಬಿಳಿ ಗೆರೆ. ಅತ್ತೆಯ ತಲೆಯನ್ನು ಪಕ್ಕಕ್ಕೆ ವಾಲಿಸಿ ಕಾದರು. ಗೆರೆಯೂ ಮೆಲ್ಲಗೆ ಆ ಕಡೆಗೆ ಜಾರಿತು. ಅವರು ಕೇಳಿದ್ದು ಮಾತ್ರ ಬಾಯಿಯ ವಿಚಾರ: ಪದೇ ಪದೇ ಹುಣ್ಣಾಗುತ್ತದೆಯೇ?

"ಕಣ್ಣು ತೋರ್ಸಕ್ಕೆ ಬಂದಿದೀನಿ, ಬಾಯಿ ಚೆನ್ನಾಗೇ ಇದೆ" ಎಂದಳು ಅತ್ತೆ.

ಹೇಗೆ ಒಪ್ಪಿಕೊಂಡಾಳು? ಸುಳ್ಳು ಹೇಳಿದರೆ ನಾಲಿಗೆ ಮೇಲೆ ಹುಣ್ಣೇಳುತ್ತದೆಂದು ಹೆದರಿಸಿಯೇ ನಮ್ಮನ್ನೆಲ್ಲ ಬೆಳೆಸಿದವಳು ಅವಳು. ರೋಗ ಯಾವುದೆಂದು ತಿಳಿಯುವುದು ತಡವಾದರೆ ಇನ್ನೊಂದು ಕಣ್ಣೂ ಹೋಗಬಹುದು ಎಂದರು ಡಾಕ್ಟರು.

ಬಾಗಿಲ ಬಳಿ ನಿಂತಿದ್ದ ಮಾವ ಗಂಟಲು ಸರಿಮಾಡಿಕೊಂಡರು. "ಆಗುತ್ತೆ ಡಾಕ್ಟ್ರೇ. ಇವಳ ವ್ರತ ಅಂದ್ರೆ ಅದೇ. ಪಾಪ, ನುಂಗಕ್ಕಾಗಲ್ಲ. ಅದಕ್ಕೇ ನಾನು ಅಡುಗೆಗೆ ಖಾರ ಹಾಕಲ್ಲ."

ಅತ್ತೆ ಅವರನ್ನೇ ನೋಡಿದಳು. ಆ ಕೆಂಪು ಕಣ್ಣಿನಲ್ಲಿ ನೀರು ತುಂಬಿತು. ನಾವು ಹಬ್ಬವೆಂದುಕೊಂಡ ದಿನಗಳನ್ನು ಅವಳು ನೋವು ನುಂಗಿ ಕಳೆದಿದ್ದಳು, ಅವರು ತಿಳಿದೂ ಅವಳ ಮಾನ ಕಾದಿದ್ದರು. ನನಗೆ ತುಂಬ ನಾಚಿಕೆಯಾಯಿತು.

ಮೈಯನ್ನು ಕಾಯಬೇಕಾದ ಶಕ್ತಿಯೇ ರಕ್ತನಾಳಗಳ ಮೇಲೆ ಬೀಳುವ ಅಪರೂಪದ ಕಾಯಿಲೆಯಂತೆ ಅದು, ಬೆಹ್ಚೆಟ್ ಎಂದು ಹೆಸರು, ಬಾಯಲ್ಲೂ ಕಣ್ಣಲ್ಲೂ ಕಾಣಿಸಿಕೊಳ್ಳುತ್ತದಂತೆ. ಕಣ್ಣಿನೊಳಗೆ ಕೀವು ತಂಗಿ ಆದ ಆ ಗೆರೆಯಿಂದ ಬಂದ ಅನುಮಾನ ಬಾಯಿಯ ಹುಣ್ಣಿನ ಸಂಗತಿ ತಿಳಿದು ಬಲವಾಯಿತು. ಮುಂದಿನ ಪರೀಕ್ಷೆಗಳು ನಡೆದು ಮಾತ್ರೆ ಶುರುವಾದವು. ಎಡಗಣ್ಣು ಮಬ್ಬಾಗಿಯೇ ಉಳಿಯಿತು, ಬಲಗಣ್ಣು ಉಳಿದುಕೊಂಡಿತು.

ಕೊಬ್ಬರಿ ಮುಗಿಸಿ ಅತ್ತೆಗೆ ಫೋನ್ ಮಾಡಿದೆ. ಹುಣ್ಣು ಎಂದದ್ದೇ ತಡ, ವಿಡಿಯೋ ಹಾಕು ಎಂದಳು. ನಾನು ನಾಲಿಗೆ ಚಾಚಿದೆ.

"ನಾಲಿಗೆ ಯಾಕೋ ಮಾರಾಯ, ಕಣ್ಣು ತೋರ್ಸು. ತಲೆ ವಾಲ್ಸು."

ಫೋನನ್ನು ಬಲಗಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಏನೂ ಇಲ್ಲ, ಬರೀ ಉಷ್ಣ, ಮಜ್ಜಿಗೆ ಕುಡಿ ಎಂದಳು. ಆಮೇಲೆ ಹಾಲಿನವನ ಕಥೆ ಶುರುವಾಯಿತು. ಅದು ಮುಗಿಯುವಂಥದ್ದಲ್ಲ. ಮುಗಿಯದಿರಲಿ ಎಂದುಕೊಂಡು ನಾನು ಕೇಳುತ್ತ ಕೂತೆ.