ಎರಡು ಕೆಂಪು, ಒಂದು ಬಲ್ಬು

ನನ್ನ ಅವ್ವನ ಕಣ್ಣು ಮಂದವಾಗಿದೆ ಎಂದು ಮನೆಯಲ್ಲಿ ಮೊದಲು ಬಾಯಿ ಬಿಟ್ಟವಳು ನಾನೇ. ಆ ಒಂದು ಮಾತಿಗೆ ಅವಳು ಮಗ್ಗ ಬಿಟ್ಟು ಎದ್ದಳು. ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ ಎಂದು ನೋಡಿದರೆ ಸರಕಾರ ಸಿಗುತ್ತದೆ, ಬಲ್ಬು ಹಂಚಲು ಬಂದವರು ಸಿಗುತ್ತಾರೆ, ನನ್ನ ಅಣ್ಣ ಸಿಗುತ್ತಾನೆ. ಅವರೆಲ್ಲರ ಹಿಂದೆ ನಾನೂ ನಿಂತಿರುತ್ತೇನೆ.

ನಮ್ಮದು ಗಜೇಂದ್ರಗಡದಲ್ಲಿ ನೇಕಾರರ ಮನೆ. ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಮಗ್ಗದ ಕೋಣೆಗೆ ಕಿಟಕಿಯಿಲ್ಲ. ಮಣ್ಣಿನ ದಪ್ಪ ಗೋಡೆ, ಮಾಳಿಗೆಯಲ್ಲಿ ಅಂಗೈಯಗಲದ ಒಂದು ಬೆಳಕಿಂಡಿ. ಎಳೆ ಒಣಗಿ ಹರಿಯಬಾರದೆಂದು ನಮ್ಮ ಹಿರಿಯರು ಹಾಗೆ ಕಟ್ಟಿಸಿದ್ದರು. ಹಾಗಾಗಿ ಹಗಲಲ್ಲೂ ಅಲ್ಲಿ ದೀಪ ಬೇಕು. ಬಟ್ಟೆಯಿಂದ ಎರಡು ಮೊಳ ಎತ್ತರದಲ್ಲಿ ಒಂದು ಹಳದಿ ಬಲ್ಬು ತೂಗುತ್ತಿತ್ತು, ಅರವತ್ತು ವ್ಯಾಟಿನದು.

ಅವ್ವ ನೇಯುತ್ತಿದ್ದದ್ದು ಅಗಲ ಅಂಚಿನ ಹತ್ತಿ ಸೀರೆ. ಸಾಸಿವೆ ಬಣ್ಣದ ಮೈ, ಕುಂಕುಮ ಕೆಂಪಿನ ಅಂಚು. ಅಂಚಿನ ನೂಲು ಮುಗಿದು ಹೊಸ ಲಡಿ ತೆಗೆಯುವಾಗ ಅವಳದೊಂದು ಪದ್ಧತಿ ಇತ್ತು. ಹಳೆಯ ಲಡಿಯದೊಂದು ಎಳೆ, ಹೊಸದರದೊಂದು ಎಳೆ, ಎರಡನ್ನೂ ಎಡಗೈ ಹೆಬ್ಬೆರಳಿಗೆ ಅಕ್ಕಪಕ್ಕ ಸುತ್ತಿಕೊಳ್ಳುವಳು. ಬಲ್ಬಿನ ಕೆಳಗೆ ಹಿಡಿದು, ತುಸು ಕಣ್ಣು ಕಿರಿದು ಮಾಡಿ ನೋಡುವಳು. ‘ಹೂಂ’ ಎಂದರೆ ಲಡಿ ಮಗ್ಗಕ್ಕೆ, ‘ಊಹೂಂ’ ಎಂದರೆ ಬಣ್ಣಗಾರರ ಮನೆಗೆ ವಾಪಸ್. ನೂಲನ್ನು ಹೊರಗೆ ಒಯ್ದು ಬಿಸಿಲಲ್ಲಿ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ. ‘ಬಿಸಿಲಾಗ ಕಣ್ಣು ಕುಕ್ಕತೈತಿ, ಎಲ್ಲಾ ಬಣ್ಣಾನೂ ಚಂದನ ಕಾಣಸ್ತಾವ. ಮಗ್ಗದ ದೀಪದಾಗ ನೋಡಬೇಕು,’ ಎಂದು ಅವಳ ಅತ್ತೆ ಕಲಿಸಿದ್ದರಂತೆ. ಅವಳಿಗೆ ಎಂದೂ ತಪ್ಪಿರಲಿಲ್ಲ. ಓಣಿಯ ಉಳಿದ ನೇಕಾರರೂ ಲಡಿ ಹಿಡಿದುಕೊಂಡು ಅವಳ ಹತ್ತಿರ ಬರುತ್ತಿದ್ದರು.

ಆಗ ಕರೆಂಟು ಉಳಿಸುವ ಯೋಜನೆ ಬಂತು. ಹಳೆಯ ಬಲ್ಬು ಕೊಡಿ, ಹೊಸ ಎಲ್ಇಡಿ ಒಯ್ಯಿರಿ. ನಾನು ರೋಣದ ಒಂದು ಸಾಲೆಯಲ್ಲಿ ಕಲಿಸುತ್ತೇನೆ. ‘ವಿದ್ಯುತ್ ಉಳಿಸಿ, ದೇಶ ಬೆಳೆಸಿ’ ಎಂದು ಮಕ್ಕಳಿಂದ ಗೋಡೆ ತುಂಬ ಬರೆಸಿದವಳು. ನಮ್ಮ ಮನೆಯಲ್ಲೇ ಹಳೆಯ ಬಲ್ಬು ಉರಿದರೆ ಹೇಗೆ? ಒಂದು ಭಾನುವಾರ ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಸಾಲಿನಲ್ಲಿ ನಿಂತೆ. ಮಗ್ಗದ ಕೋಣೆಯದನ್ನೂ ಬಿಡಲಿಲ್ಲ. ಹಂಚುವವನು ಅವನ್ನು ಗೋಣಿಚೀಲದೊಳಗೆ ಟಕಟಕ ಎಸೆದ. ಒಡೆದ ಸದ್ದು ಕೇಳಿ ನಾನು ನಕ್ಕೆ ಕೂಡ.

ಅವತ್ತು ಸಂಜೆ ಹೊಸ ಬಲ್ಬಿನ ಕೆಳಗೆ ಕೂತ ಅವ್ವ ಅಂಚಿನ ಮೇಲೆ ಕೈಯಾಡಿಸಿ, ‘ಯವ್ವಾ, ಈ ಬೆಳಕಿನಾಗ ಕೆಂಪ ಸತ್ತಂಗ ಕಾಣತೈತಿ ನೋಡ,’ ಎಂದಳು.

‘ಎರಡು ದಿನಕ್ಕ ರೂಢಿ ಆಗತೈತಿ ಬಿಡಬೇ. ಮೊದಲಿಗಿಂತ ಬೆಳಕ ಜಾಸ್ತಿನ ಐತಿ,’ ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಸೀರೆ ಅರ್ಧ ಮಗ್ಗದ ಮೇಲಿರುವಾಗ ಕೆಂಪು ನೂಲು ಮುಗಿಯಿತು. ನಮಗೆ ಬಣ್ಣ ಹಾಕಿಕೊಡುವವರು ಒಬ್ಬ ಹಿರಿಯ ಮುಸ್ಲಿಂ ಬಣ್ಣಗಾರರು. ಮನೆಮಂದಿಯೆಲ್ಲ ಅವರಿಗೆ ಕಾಕಾ ಅನ್ನುತ್ತೇವೆ. ಅವರು ಆಗ ಮಗಳ ಊರಿಗೆ ಹೋಗಿದ್ದರು. ಅಣ್ಣ ನರಗುಂದದ ಅಂಗಡಿಯಿಂದ ಒಂದು ಕೆಂಪು ಲಡಿ ತಂದ. ಅವ್ವ ಎರಡೂ ಎಳೆ ಹೆಬ್ಬೆರಳಿಗೆ ಸುತ್ತಿ, ಬಲ್ಬಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು. ಕೊನೆಗೆ ಅತ್ತಿಗೆಯನ್ನು ಕರೆದಳು. ‘ಎರಡೂ ಒಂದ ಅದಾವ್ರಿ ಅತ್ತಿ,’ ಎಂದಳು ಅತ್ತಿಗೆ. ಅವ್ವ ‘ಹೂಂ’ ಎಂದಳು. ಸೀರೆ ಮುಗಿಯಿತು.

ಸೀರೆ ಕೊಳ್ಳುವ ವ್ಯಾಪಾರಿ ಅದನ್ನು ತನ್ನ ಅಂಗಡಿಯ ಕಟ್ಟೆಯ ಮೇಲೆ ಬಿಸಿಲಿಗೆ ಬಿಚ್ಚಿದ. ಅಂಚು ಅರ್ಧದವರೆಗೆ ಕುಂಕುಮ, ಅಲ್ಲಿಂದ ಮುಂದೆ ಸುಟ್ಟ ಇಟ್ಟಂಗಿ. ಕುರಿ ಕಾಯುವವನೂ ದೂರದಿಂದ ಗುರುತಿಸಬಹುದಾದಷ್ಟು ಫರಕು. ‘ಅಕ್ಕಾರ ಕಣ್ಣ ಒಮ್ಮೆ ತೋರಸ್ರಿ,’ ಎಂದು ಅವನು ಸೀರೆ ಮಡಚಿ ಅಣ್ಣನ ಕೈಗೆ ಕೊಟ್ಟ.

ಮನೆಗೆ ಬಂದ ಸೀರೆಯನ್ನು ಅಂಗಳದಲ್ಲಿ ಹಾಸಿದೆವು. ಅವ್ವ ಅದನ್ನು ನೋಡುತ್ತಾ ನಿಂತಳು. ‘ನಿನ್ನ ಕಣ್ಣ ಮಂದ ಆಗ್ಯಾವಬೇ,’ ಎಂದೆ ನಾನು. ಸಮಾಧಾನ ಮಾಡುವ ದನಿಯಲ್ಲೇ ಹೇಳಿದೆ ಅನ್ನುವುದು ಇನ್ನೂ ನಾಚಿಕೆಗೇಡು.

ರೋಣದ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು, ಪೊರೆ ಈಗಷ್ಟೇ ಶುರುವಾಗಿದೆ, ಇದರಿಂದ ಕೆಲಸಕ್ಕೇನೂ ತೊಂದರೆಯಿಲ್ಲ ಎಂದರು. ನಾವು ‘ಪೊರೆ’ ಎಂಬಲ್ಲಿಗೆ ಕಿವಿ ಮುಚ್ಚಿಕೊಂಡೆವು. ಅಣ್ಣ ಮಗ್ಗಕ್ಕೆ ಅತ್ತಿಗೆಯನ್ನು ಕೂರಿಸಿದ. ಅದೇ ಬಲ್ಬಿನ ಕೆಳಗೆ ಎರಡೂ ಒಂದೇ ಎಂದ ಅತ್ತಿಗೆಯ ಕಣ್ಣನ್ನು ಯಾರೂ ದವಾಖಾನೆಗೆ ಒಯ್ಯಲಿಲ್ಲ. ಅವಳಿಗೆ ವಯಸ್ಸಾಗಿರಲಿಲ್ಲ, ಆದ್ದರಿಂದ ಅವಳ ಕಣ್ಣು ಸರಿ. ನಮ್ಮ ಲೆಕ್ಕ ಅಷ್ಟು ಸರಳ.

ಅವ್ವ ಜಗಳ ಮಾಡಿದ್ದರೆ ಚೆನ್ನಾಗಿತ್ತು. ಅವಳು ನಂಬಿಬಿಟ್ಟಳು. ಅಕ್ಕಿಯಲ್ಲಿನ ಕಲ್ಲು ಆರಿಸಲು ಕೊಟ್ಟರೆ, ‘ನನಗ ಹಳ್ಳ ಕಾಣಸೂದಿಲ್ಲ ತಗೋ,’ ಎಂದು ಮೊರ ಸರಿಸುವಳು. ಸೂಜಿಗೆ ದಾರ ಪೋಣಿಸುವುದು ಬಿಟ್ಟಳು. ಓಣಿಯವರು ಲಡಿ ತರುವುದೂ ನಿಂತಿತು. ಮಗ್ಗದ ಸದ್ದು ಕೇಳುವಾಗೆಲ್ಲ ಎದ್ದು ಹಿತ್ತಲಿಗೆ ಹೋಗುವಳು. ಅದನ್ನು ನೋಡುತ್ತಾ ನಾನು ದಿನಾ ರೋಣದ ಬಸ್ಸು ಹಿಡಿಯುತ್ತಿದ್ದೆ.

ಕಾಕಾ ಊರಿಂದ ಬಂದವರೇ ನಮ್ಮ ಮನೆಗೆ ಬಂದರು. ತಮ್ಮ ಕೆಂಪಿನ ಬಗ್ಗೆ ಊರಲ್ಲಿ ಮಾತಾಗಿದೆಯೆಂದು ಅವರಿಗೂ ಸಿಟ್ಟು. ಎರಡೂ ಕೆಂಪಿನ ಉಳಿದ ಎಳೆಗಳನ್ನು ಕೇಳಿ ಪಡೆದು ಮಗ್ಗದ ಕೋಣೆಗೆ ಹೋದರು, ಬಲ್ಬಿನ ಕೆಳಗೆ ಹಿಡಿದರು. ಅಲ್ಲಿಂದ ಅಂಗಳಕ್ಕೆ ಬಂದರು. ಮತ್ತೆ ಒಳಗೆ, ಮತ್ತೆ ಹೊರಗೆ.

‘ಒಳಗ ನನಗೂ ಎರಡೂ ಒಂದ ಕಾಣಸ್ತಾವ,’ ಎಂದರು. ‘ಹೊರಗ ಬ್ಯಾರೆ. ಹಂಗಾರ ನನ್ನ ಕಣ್ಣೂ ಹೋಗ್ಯಾವೇನ್ರಿ? ಮದಲ ಹಳದಿ ಬಲ್ಬ್ ಇತ್ತಲ್ಲ, ಅದನ್ನ ಯಾರು ತಗದ್ರು?’

ಬಲ್ಬಿನ ಖಾಲಿ ಡಬ್ಬಿ ಇನ್ನೂ ಗೋಡೆಯ ಮಾಡದಲ್ಲಿತ್ತು. ತೆಗೆದು ಅಕ್ಷರ ಅಕ್ಷರ ಓದಿದೆ. ಎಷ್ಟು ಕರೆಂಟು ಉಳಿಯುತ್ತದೆ ಎಂಬುದಕ್ಕೆ ಸಾಲಾಗಿ ನಕ್ಷತ್ರಗಳಿದ್ದವು. ಕೆಂಪು ಕೆಂಪಾಗಿ ಕಾಣುತ್ತದೆಯೇ ಎಂಬುದಕ್ಕೆ ಒಂದು ನಕ್ಷತ್ರವೂ ಇರಲಿಲ್ಲ. ಕರೆಂಟು ಉಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಬಣ್ಣ ಸರಿಯಾಗಿ ತೋರಿಸುವ ಎಲ್ಇಡಿಗಳೂ ಇವೆಯಂತೆ, ಆಮೇಲೆ ಗೊತ್ತಾಯಿತು. ಆದರೆ ನಮ್ಮ ಸಾಲಿಗೆ ಬಂದದ್ದು ಅವಲ್ಲ. ನಿಯಮ ಬರೆದವರಿಗೆ ಬಲ್ಬೆಂದರೆ ಅಡಿಗೆಮನೆ, ಪಡಸಾಲೆ, ಬಚ್ಚಲು. ದೀಪದ ಕೆಳಗೆ ಕೂತು ಎರಡು ಕೆಂಪು ಅಳೆಯುವ ಹೆಂಗಸೊಬ್ಬಳು ಇದ್ದಾಳೆಂದು ಅವರಿಗೆ ಯಾರು ಹೇಳಬೇಕಿತ್ತು? ಸಾಲಿನಲ್ಲಿ ನಿಂತ ನಾನು ಹೇಳಬಹುದಿತ್ತು. ನನಗೇ ಹೊಳೆಯಲಿಲ್ಲ.

ಹಳದಿ ಬಲ್ಬು ಹುಡುಕಲು ಹೊರಟೆ. ನಮ್ಮೂರ ಅಂಗಡಿಯವನು ನಕ್ಕ. ರೋಣದವನು, ‘ಟೀಚರ್ರ, ನೀವ ಹಿಂಗಂದ್ರ ಹ್ಯಾಂಗ್ರಿ?’ ಎಂದ. ನರಗುಂದದಲ್ಲಿ ಒಬ್ಬ ಬಣ್ಣಬಣ್ಣದ ಝೀರೋ ಬಲ್ಬು ತೋರಿಸಿ ದೇವರ ಮನೆಗೆ ಚಲೋ ಎಂದ. ಕೊನೆಗೆ ಸಿಕ್ಕಿದ್ದು ಅಬ್ಬಿಗೇರಿಯಲ್ಲಿ, ನನ್ನ ಜೊತೆ ಕಲಿಸುವ ಟೀಚರೊಬ್ಬರ ಮನೆಯಲ್ಲಿ. ಕೋಳಿಮರಿಗಳಿಗೆ ಕಾವು ಕೊಡಲೆಂದು ಅವರು ಹಳೆಯ ಬಲ್ಬು ಮೂರು ಅಡಗಿಸಿಟ್ಟಿದ್ದರು. ಒಂದು ಕೊಟ್ಟರು. ಕೋಳಿಮರಿಗಳ ಕಾಳಜಿ ಮಾಡಿದವರಿದ್ದರು, ನನ್ನ ಅವ್ವನ ಕಾಳಜಿ ಮಾಡಿದವರಿರಲಿಲ್ಲ ಎಂದು ಬಸ್ಸಿನುದ್ದಕ್ಕೂ ಉರಿದುಕೊಂಡೆ. ಬಲ್ಬನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ.

ಮನೆಯಲ್ಲಿ ಸ್ಟೂಲು ಹತ್ತಿ ಅದನ್ನು ಹಾಕಿದೆ. ಕೋಣೆ ಹಳದಿಯಾಯಿತು. ಅತ್ತಿಗೆ ತಾನಾಗಿಯೇ ಕುಣಿಯಿಂದ ಎದ್ದಳು. ಹಿತ್ತಲಲ್ಲಿದ್ದ ಅವ್ವನನ್ನು ಕೈಹಿಡಿದು ಕರೆತಂದು ಕೂರಿಸಿದೆವು. ‘ನನಗ ಕಾಣಸೂದಿಲ್ಲ,’ ಎನ್ನುತ್ತಲೇ ಅವಳು ಅವೇ ಎರಡು ಕೆಂಪು ಎಳೆ ಹೆಬ್ಬೆರಳಿಗೆ ಸುತ್ತಿಕೊಂಡಳು. ಬೆಳಕಿಗೆ ಹಿಡಿದಳು. ಕಣ್ಣು ಕಿರಿದು ಮಾಡುವಷ್ಟೂ ಹೊತ್ತಾಗಲಿಲ್ಲ.

‘ಊಹೂಂ,’ ಎಂದಳು.

ಅಣ್ಣ ಬಾಗಿಲಲ್ಲಿ ತಲೆ ತಗ್ಗಿಸಿದ. ನಾನು ಅಳುತ್ತಾ ನಗುತ್ತಾ, ‘ನಿನ್ನ ಕಣ್ಣ ಚಲೋ ಅದಾವಬೇ! ತಪ್ಪೆಲ್ಲಾ ಆ ಬಲ್ಬಿಂದ! ಸರಕಾರದವ್ರಿಗೆ ಬರದ ಕೇಳ್ತೀನಿ,’ ಎಂದು ಕೂಗಾಡಿದೆ.

ಅವ್ವ ಎಳೆಗಳನ್ನು ಬೆರಳಿನಿಂದ ಬಿಚ್ಚಿ ಬೇರೆಬೇರೆ ಇಟ್ಟಳು. ಆಮೇಲೆ ನನ್ನನ್ನು ನೋಡಿದಳು.

‘ಕೆಂಪ ಸತ್ತಂಗ ಕಾಣತೈತಿ ಅಂತ ನಾ ಮದಲನ ದಿನಾ ಹೇಳಿದ್ದೆ,’ ಎಂದಳು. ‘ಸರಕಾರದವ್ರು ಈ ಕ್ವಾಣ್ಯಾಗ ಇರಲಿಲ್ಲ. ನೀ ಇದ್ದಿ.’

ಅವಳು ಕಾಲು ಕುಣಿಗೆ ಇಳಿಬಿಟ್ಟು ಲಾಳಿಗಾಗಿ ಕೈ ಚಾಚಿದಳು. ಕೊಟ್ಟೆ.